ಇಂಜನಿಯರರ ಎರಡನೆಯ ವಿದ್ಯೆ

ತಗಡೂರಿನಿಂದಲೂ ನಂಜನಗೂಡು, ತಿರುಮಕೂಡಲು ನರಸೀಪುರಗಳ ಇತರ ಗ್ರಾಮಗಳಿಂದಲೂ ಇಂಜನಿಯರಿಂಗ್ ಕಾಲೇಜಿಗೆ ಸೇರುವ ವಿದ್ಯಾರ್ಥಿಗಳಿಗೆ ಈಗ ಹೊಸದೊಂದು ಪ್ರಶ್ನೆ ಎದುರಾಗಿದೆ. ಮುಖ್ಯ ವಿಷಯದ ಜೊತೆಗೆ ಸುಮಾರು 18ರಿಂದ 20 ಕ್ರೆಡಿಟ್‌ಗಳ ಹೆಚ್ಚಿನ ವ್ಯಾಸಂಗ ಮಾಡಿದವರಿಗೆ ‘ಮೈನರ್’ ಎಂಬ ಉಪವಿಷಯದ ಮನ್ನಣೆಯೂ ದೊರೆಯುವ ಅವಕಾಶವಿದೆ. ಯಾವುದನ್ನು ಆರಿಸಬೇಕು? ನೆರೆಮನೆಯ ಹುಡುಗನು ಆರಿಸಿದುದನ್ನೇ ಆರಿಸುವುದು ವಾಡಿಕೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕೆಂದು ನಾವು ವಾಚಕರನ್ನು ಕೋರುತ್ತೇವೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ಈ ಮಹನೀಯರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದರು. ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜನಿಯರರಾದರು. ಅಂದರೆ, ಅವರು ಇಂಜನಿಯರಾಗುವುದಕ್ಕೆ ಮೊದಲೇ ಸಾಮಾನ್ಯ ವಿದ್ಯೆಯಲ್ಲಿ ನುರಿತಿದ್ದರು.

ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಎಲ್ಲರೂ ಹೊಗಳುತ್ತಾರೆ. ನಮಗಾದರೋ ಪುಣೆಯ ನೀರಾವರಿಯಲ್ಲಿ ಅವರು ತಂದ ಬ್ಲಾಕ್ ಪದ್ಧತಿಯೇ ಹೆಚ್ಚಿನದಾಗಿ ಕಾಣುತ್ತದೆ. ನೀರು ಕೈಗೆ ಸಿಕ್ಕವರು ಮಿತಿಯಿಲ್ಲದೆ ಹರಿಸಿಕೊಂಡರೆ ಅವರ ಭೂಮಿಯೂ ಜೌಗಾಗುತ್ತದೆ, ಉಳಿದವರ ಪಾಲಿಗೆ ಕಾಲುವೆ ಇದ್ದೂ ಇಲ್ಲದಂತಾಗುತ್ತದೆ. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಬತ್ತ, ಅಲ್ಪ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಸಿ, ಹೆಚ್ಚು ಗ್ರಾಮಗಳಿಗೆ ನೀರಿನ ಪ್ರಯೋಜನವನ್ನು ಹಂಚುವುದೇ ಆ ಪದ್ಧತಿಯ ತಿರುಳು. ಇದರಲ್ಲಿ ಕಲ್ಲುಗಾರೆಯ ಶಾಸ್ತ್ರ ಸ್ವಲ್ಪ, ಬೇಸಾಯ ಮತ್ತು ಅರ್ಥಶಾಸ್ತ್ರವೇ ಬಹಳ.

1909ರಲ್ಲಿ ಮೈಸೂರಿನ ಮುಖ್ಯ ಇಂಜನಿಯರರಾಗಿ ಬಂದಾಗಲೂ ಹಾಗೆಯೇ. ಕನ್ನಂಬಾಡಿಯ ಕಟ್ಟೆಗೆ ಬೊಕ್ಕಸದ ಅಧಿಕಾರಿಗಳು ಸುಲಭವಾಗಿ ಒಪ್ಪಲಿಲ್ಲ. ಬೇಸಗೆಯಲ್ಲಿ ಕಾವೇರಿ ಇಳಿದಾಗ ಶಿವನಸಮುದ್ರದ ವಿದ್ಯುತ್ತೂ ಕುಗ್ಗಿ, ಕೋಲಾರದ ಗಣಿಗಳಿಗೆ ಸಾಲದಾಗುತ್ತಿತ್ತು. ನೀರನ್ನು ಕೂಡಿಟ್ಟರೆ ವಿದ್ಯುತ್ತಿನ ಆದಾಯವೂ ಗದ್ದೆಗಳ ಆದಾಯವೂ ವೆಚ್ಚವನ್ನು ಹೊರಬಲ್ಲವೆಂದು ಅವರು ಲೆಕ್ಕ ಹಾಕಿ ತೋರಿಸಿದರು. 1911ರಲ್ಲಿ ಮಂಜೂರಾತಿ ದೊರೆಯಿತು. ಆ ಲೆಕ್ಕ ಬಾರದಿದ್ದರೆ ನಕ್ಷೆಯು ಕಚೇರಿಯ ಕಪಾಟಿನಲ್ಲಿಯೇ ಉಳಿಯುತ್ತಿತ್ತೆಂಬುದು ನಮ್ಮ ಅಭಿಪ್ರಾಯ.

1912ರಿಂದ 1918ರವರೆಗಿನ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜನಿಯರಿಂಗ್ ಕಾಲೇಜು ಇವುಗಳು ಏರ್ಪಟ್ಟ ಸಂಗತಿ ಎಲ್ಲರಿಗೂ ತಿಳಿದುದೇ. 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥವನ್ನೇ ಬರೆದರು. 1962ರಲ್ಲಿ ನಿಧನರಾದರು.

ಬೃಹತ್ ಯಂತ್ರೋದ್ಯಮದ ವಿಷಯದಲ್ಲಿ ಗಾಂಧೀಜಿಯವರಿಗೂ ಅವರಿಗೂ ಒಮ್ಮತವಿರಲಿಲ್ಲ. ತಗಡೂರು ರಾಮಚಂದ್ರರಾಯರು ಖಾದಿಗಾಗಿ ದುಡಿದ ಊರಿನವರು ವಿಶ್ವೇಶ್ವರಯ್ಯನವರ ಪಕ್ಷವನ್ನು ಪೂರ್ತಿಯಾಗಿ ಹಿಡಿಯಬೇಕಾಗಿಲ್ಲ, ನಾವೂ ಹಿಡಿಯೆವು. ಆದರೆ ಸಿವಿಲ್ ವಿಭಾಗಕ್ಕೆ ಸೇರಿದ ಹುಡುಗನು ಉಪವಿಷಯದ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಾಗ, ಅದರಲ್ಲಿ ಅರ್ಥಶಾಸ್ತ್ರವೋ ಬೇಸಾಯವೋ ಲೆಕ್ಕಪತ್ರವೋ ಇದ್ದಲ್ಲಿ ಕಂಪ್ಯೂಟರಿನ ಹೆಸರಿಗೆ ಗುರುತು ಹಾಕುವ ಮೊದಲು ಅದರ ಪಾಠಕ್ರಮವನ್ನೊಮ್ಮೆ ತರಿಸಿ ಓದಲಿ.