ಮುಮ್ಮಡಿ ಕೃಷ್ಣರಾಜ ಒಡೆಯರು

1939ರಲ್ಲಿ ಜರ್ಮನಿಯ ರಕ್ಷಣೆಯನ್ನೊಪ್ಪಿದ ಸ್ಲೊವಾಕಿಯವು, 1944ರಲ್ಲಿ ದಂಗೆಯೆದ್ದಾಗ ಆ ರಕ್ಷಕನ ಸೈನ್ಯಕ್ಕೇ ವಶವಾಯಿತು. ಈ ಪಾಠವನ್ನು ನಮ್ಮ ನಾಡು ನೂರು ವರ್ಷ ಮೊದಲೇ ಕಲಿತಿದ್ದಿತು.

1794ರಲ್ಲಿ ಜನಿಸಿದ ಕೃಷ್ಣರಾಜರು 1799ರಲ್ಲಿ, ಇನ್ನೂ ಬಾಲಕರಾಗಿರುವಾಗಲೇ, ಪಟ್ಟವನ್ನೇರಿದರು. ಅದೇ ವರ್ಷದ ಕೌಲಿನಂತೆ ಮೈಸೂರು ಕುಂಪಣಿಯ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಯಿತು. ಆ ಹಣಕ್ಕೆ ಕುತ್ತು ಬಂದಿತೆಂದು ತೋರಿದರೆ ಆಡಳಿತವನ್ನೇ ಕೈಗೊಳ್ಳುವ ಹಕ್ಕನ್ನು ಕುಂಪಣಿಯು ಇರಿಸಿಕೊಂಡಿದ್ದಿತು. ದಿವಾನ್ ಪೂರ್ಣಯ್ಯನವರ ತರುವಾಯ ಮಹಾರಾಜರು ತಾವೇ ಆಳತೊಡಗಿದರು. ವಿದ್ಯೆಗೂ ಕಲೆಗೂ ಅವರ ಆಸ್ಥಾನವು ಆಶ್ರಯವಾಯಿತು; ಆದರೆ ಬೊಕ್ಕಸವು ಬರಿದಾಯಿತು, ಕಂದಾಯದ ಗುತ್ತಿಗೆಯು ರೈತರನ್ನು ಹಿಂಡಿತು. 1830ರಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳನ್ನೊಳಗೊಂಡ ನಗರದ ಸೀಮೆಯು ದಂಗೆಯೆದ್ದಿತು. ಕುಂಪಣಿಯ ಸೈನ್ಯವು ಅದನ್ನಡಗಿಸಿತು. 1831ರಲ್ಲಿ ಬೆಂಟಿಂಕ್ ಪ್ರಭುವು ಆಡಳಿತವನ್ನು ಮಹಾರಾಜರಿಂದ ಕಿತ್ತು ಕಮಿಷನರರಿಗೊಪ್ಪಿಸಿದನು.

ರಾಜ್ಯವನ್ನು ಮರಳಿ ಪಡೆಯಲು ಮಹಾರಾಜರು ಬಿಡದೆ ಮೊರೆಯಿಟ್ಟರು. 1865ರಲ್ಲಿ ದತ್ತುಪುತ್ರನನ್ನು ಸ್ವೀಕರಿಸಿದರು. 1867ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. 1868ರಲ್ಲಿ ಅವರು ಕಾಲವಾದರು; ರಾಜ್ಯವು ಮರಳಿದುದು 1881ರಲ್ಲಿ, ಆ ದತ್ತುಪುತ್ರನಿಗೆ.

ಪರರ ದುರಾಸೆಯನ್ನು ನಾವು ನಿಂದಿಸುವುದು ನ್ಯಾಯವೇ. ಆದರೆ ಹೊನ್ನಾಳಿಯ ರೈತನ ಗೋಳು ಮೈಸೂರಿನ ಅರಮನೆಗೆ ಕಾಲದಲ್ಲಿ ಕೇಳಿಸಿದ್ದರೆ, ಕುಂಪಣಿಗೆ ನೆವವೆಲ್ಲಿ ದೊರೆಯುತ್ತಿದ್ದಿತು?