ಕುರ್ಚಿ ಕಳೆದುಕೊಂಡ ಕಾರ್ಯದರ್ಶಿ

ದೀರ್ಘಕಾಲ ದುಡಿದ ಕಚೇರಿಯಿಂದ ಏಕಾಏಕಿ ಹೊರಬಿದ್ದವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನಿಕೊಲೊ ಮ್ಯಾಕಿಯಾವೆಲಿ. ಕುಟಿಲ ರಾಜಕಾರಣಕ್ಕೆ ಪರ್ಯಾಯಪದವೇ ಆಗಿಹೋಗಿರುವ ಈ ಹೆಸರಿನ ಹಿಂದೆ, ಕೆಲಸ ಕಳೆದುಕೊಂಡ ನಡುವಯಸ್ಸಿನ ಸರ್ಕಾರಿ ನೌಕರನೊಬ್ಬನಿದ್ದಾನೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ‘ಅರ್ಥಶಾಸ್ತ್ರ’ವನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಮೇಲೆ ಕೌಟಿಲ್ಯನನ್ನು ಭಾರತದ ಮ್ಯಾಕಿಯಾವೆಲಿ ಎನ್ನುವ ರೂಢಿ ಬೆಳೆಯಿತು. ಈ ಹೋಲಿಕೆ ನನಗೇಕೋ ಒಪ್ಪಿಗೆಯಾಗಿಲ್ಲ. ಐತಿಹ್ಯದ ಚಾಣಕ್ಯ ಅರಸನನ್ನೇ ಸೃಷ್ಟಿಸಿದವನು. ಫ್ಲಾರೆನ್ಸಿನ ಈತನಾದರೋ ಅರ್ಜಿ ಹಿಡಿದು ಒಡೆಯನಿಗಾಗಿ ಕಾದವನು.

1498ರ ಜೂನ್‌ನಲ್ಲಿ, ತನ್ನ 29ನೇ ವಯಸ್ಸಿನಲ್ಲಿ, ಆತ ಫ್ಲಾರೆನ್ಸ್ ಗಣರಾಜ್ಯದ ಎರಡನೆಯ ಆಡಳಿತ ಕಾರ್ಯಾಲಯದ ಮುಖ್ಯಸ್ಥನಾದ. ಕೆಲವೇ ದಿನಗಳಲ್ಲಿ ಯುದ್ಧ ವ್ಯವಹಾರದ ಸಮಿತಿಗೂ ಕಾರ್ಯದರ್ಶಿಯಾದ. ಮುಂದಿನ 14 ವರ್ಷ ಪತ್ರ ಬರೆಯುವುದು, ಕಡತ ನೋಡುವುದು, ಕುದುರೆಯೇರಿ ರಾಯಭಾರಕ್ಕೆ ಹೊರಡುವುದು ಇವೇ ಬದುಕಾದವು. ಫ್ರಾನ್ಸಿನ ದೊರೆ 12ನೇ ಲೂಯಿ, ಚೆಸಾರೆ ಬೋರ್ಜಾ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಮೊದಲಾದವರನ್ನು ಹತ್ತಿರದಿಂದ ಕಂಡ. ಬಾಡಿಗೆ ಸೈನಿಕರನ್ನು ನಂಬಬಾರದೆಂದು ಹಟಹಿಡಿದು ಹಳ್ಳಿಗರ ಸೇನೆಯೊಂದನ್ನು ಕಟ್ಟಿಸಿದ. 1509ರಲ್ಲಿ ಪೀಸಾ ನಗರ ಮತ್ತೆ ಕೈವಶವಾದಾಗ ಆ ಸೇನೆಗೆ ಕೀರ್ತಿ ಬಂತು. 1512ರ ಆಗಸ್ಟ್‌ನಲ್ಲಿ ಪ್ರಾತೊ ಪಟ್ಟಣದ ಮೇಲೆ ಸ್ಪೇನಿನ ಪಡೆಗಳು ಎರಗಿದಾಗ ಅದೇ ಸೇನೆ ದಿಕ್ಕಾಪಾಲಾಯಿತು. ಆಡಳಿತದ ಮುಖ್ಯಸ್ಥ ಪಿಯೆರೊ ಸೊಡೆರಿನಿ ಊರು ಬಿಟ್ಟ. ಮೆಡಿಚಿ ಮನೆತನ ಮರಳಿತು.

ನವೆಂಬರ್ 7ರಂದು ಮ್ಯಾಕಿಯಾವೆಲಿ ವಜಾಗೊಂಡ. ವಜಾ ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ವರ್ಷ ರಾಜ್ಯದ ಗಡಿ ದಾಟಕೂಡದು, ಸಾವಿರ ಫ್ಲಾರಿನ್ ಜಾಮೀನು ಕೊಡಬೇಕು, ತಾನು ದುಡಿದ ಅರಮನೆಯೊಳಗೆ ಕಾಲಿಡಕೂಡದು. 1513ರ ಫೆಬ್ರುವರಿಯಲ್ಲಿ, ಪಿತೂರಿಗಾರರ ಬಳಿ ಸಿಕ್ಕ ಪಟ್ಟಿಯೊಂದರಲ್ಲಿ ಹೆಸರಿತ್ತೆಂದು ಸೆರೆಗೆ ತಳ್ಳಿದರು. ಕೈಗಳನ್ನು ಬೆನ್ನ ಹಿಂದೆ ಬಿಗಿದು, ಹಗ್ಗದಿಂದ ಮೇಲೆಳೆದು, ಮತ್ತೆ ಮತ್ತೆ ಕೆಳಕ್ಕೆ ಬಿಟ್ಟರು. ಆತ ಏನನ್ನೂ ಒಪ್ಪಿಕೊಳ್ಳಲಿಲ್ಲ. ಮಾರ್ಚ್‌ನಲ್ಲಿ ಮೆಡಿಚಿ ಮನೆತನದವರೊಬ್ಬರು 10ನೇ ಲಿಯೊ ಹೆಸರಿನಲ್ಲಿ ಪೋಪ್ ಆದ ಸಂಭ್ರಮಕ್ಕೆ ಬಿಡುಗಡೆಯಾಯಿತು.

ಆಮೇಲಿನದು ಸಾಂತ್ ಆಂದ್ರೆಯಾ ಎಂಬ ಹಳ್ಳಿಯ ವಾಸ. ಅಲ್ಲಿಂದ ಡಿಸೆಂಬರ್ 10ರಂದು ಗೆಳೆಯ ಫ್ರಾಂಚೆಸ್ಕೊ ವೆತ್ತೋರಿಗೆ ಬರೆದ ಕಾಗದ ಪ್ರಸಿದ್ಧವಾದದ್ದು. ಹಕ್ಕಿಗೆ ಬಲೆಯೊಡ್ಡುವುದು, ಮರ ಕಡಿಯುವವರ ಜಗಳ ಕೇಳುವುದು, ಹೋಟೆಲಿನಲ್ಲಿ ಕಟುಕನೊಡನೆ, ಗಿರಣಿಯವನೊಡನೆ ಇಸ್ಪೀಟಾಡಿ ಪುಡಿಗಾಸಿಗೆ ಕೂಗಾಡುವುದು ಹಗಲಿನ ಕಥೆ. ಸಂಜೆ ಕೆಸರು ಮೆತ್ತಿದ ಬಟ್ಟೆ ಕಳಚಿ, ದರ್ಬಾರಿನ ಉಡುಪು ತೊಟ್ಟು, ನಾಲ್ಕು ಗಂಟೆ ಪ್ರಾಚೀನರ ಗ್ರಂಥಗಳೊಡನೆ ಕೂರುತ್ತಿದ್ದ. ಮನೆಯಲ್ಲಿ ನೋಡುವವರಿಲ್ಲದಿದ್ದರೂ ಆ ಉಡುಪು ಆತನಿಗೆ ಬೇಕಿತ್ತು. ಕೆಲಸ ಹೋದ ಮೇಲೂ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಡುವವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಸಂಕಷ್ಟ ಆತನನ್ನು ಲೇಖಕನನ್ನಾಗಿಸಿತೆಂದು ಬರೆಯುವುದು ವಾಡಿಕೆ. ನಾನು ಹಾಗೆ ತಿಳಿಯಲಾರೆ. ‘ರಾಜಕುಮಾರ’ ಎಂಬ ಆ ಪುಟ್ಟ ಗ್ರಂಥ ಸಿದ್ಧವಾದದ್ದೇ ಹಳೆಯ ಕೆಲಸ ಮರಳಿ ಪಡೆಯಲು. ತನ್ನನ್ನು ಹಿಂಸಿಸಿದ ಆಡಳಿತವನ್ನು ನಡೆಸಿದ ಮನೆತನಕ್ಕೇ ಅದನ್ನು ಅರ್ಪಿಸಿದ. ಕೆಲಸ ಸಿಗಲಿಲ್ಲ. ‘ಮಂದ್ರಾಗೊಲ’ ಎಂಬ ನಗೆನಾಟಕ ಬರೆದ, 1521ರಲ್ಲಿ ಯುದ್ಧಕಲೆಯ ಪುಸ್ತಕ ಅಚ್ಚಾಯಿತು. 1520ರಲ್ಲಿ ಫ್ಲಾರೆನ್ಸಿನ ಚರಿತ್ರೆ ಬರೆಯುವ ಕೆಲಸವನ್ನು ಮೆಡಿಚಿಗಳೇ ಒಪ್ಪಿಸಿದರು. ರಾಜರೊಡನೆ ಮಾತನಾಡಿದ್ದವನನ್ನು ಮರುವರ್ಷ ಕಾರ್ಪಿಗೆ ಕಳುಹಿಸಿದಾಗ ವಹಿಸಿದ ಹೊಣೆಗಳಲ್ಲಿ ಧರ್ಮೋಪದೇಶಕನೊಬ್ಬನನ್ನು ಹುಡುಕುವುದೂ ಒಂದು.

1527ರ ಮೇ ತಿಂಗಳಲ್ಲಿ ಮೆಡಿಚಿಗಳು ಉರುಳಿ ಗಣರಾಜ್ಯ ಮರಳಿತು. ಹದಿನಾಲ್ಕೂವರೆ ವರ್ಷಗಳ ಹಿಂದೆ ಕಳೆದುಕೊಂಡ ಕುರ್ಚಿ ಈಗಲಾದರೂ ಸಿಕ್ಕೀತೆಂದು ಆತ ಆಶಿಸಿದ್ದ. ಮೆಡಿಚಿಗಳ ಸಂಬಳ ತಿಂದವನನ್ನು ಹೊಸಬರು ನಂಬಲಿಲ್ಲ. ಹುದ್ದೆ ಬೇರೊಬ್ಬನ ಪಾಲಾಯಿತು. ಜೂನ್ 21ರಂದು, 58ನೇ ವಯಸ್ಸಿನಲ್ಲಿ, ಮ್ಯಾಕಿಯಾವೆಲಿ ತೀರಿಕೊಂಡ. ಅರ್ಜಿಯಾಗಿ ಬರೆದ ಪುಸ್ತಕ ಅಚ್ಚಾದದ್ದು 1532ರಲ್ಲಿ.