ಹಳಕಟ್ಟಿಯವರ ನಕಲು ಮತ್ತು ನನ್ನ ನೋಟ್ಸು

ದೊಡ್ಡವರ ಚರಿತ್ರೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ವಿಷಯವಾಗಿ ಲೇಖನಿ ಹಿಡಿದಿದ್ದೇನೆ. ಇದಕ್ಕೆ ಕಾರಣ ಭಕ್ತಿಯಲ್ಲ, ಒಂದು ನಪಾಸು.

ಎರಡನೆಯ ವರ್ಷದ ಕನ್ನಡ ಪತ್ರಿಕೆಯಲ್ಲಿ ನಾನು 6 ಅಂಕಗಳಿಂದ ಬಿದ್ದೆ. ಓದಿರಲಿಲ್ಲವೆಂದಲ್ಲ. ಹಿಂದಿನ ವರ್ಷದವರೊಬ್ಬರ ನೋಟ್ಸಿನ ಝೆರಾಕ್ಸು ತಂದು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದೆ. ಆದರೆ ಕೈಯಿಂದ ಕೈಗೆ ನಕಲಾಗುತ್ತ ಬಂದ ಆ ಕಟ್ಟಿನಲ್ಲಿ ಅನೇಕ ವಚನಗಳ ಕೊನೆಯ ಸಾಲೇ ಉದುರಿಹೋಗಿತ್ತು. ಅಂಕಿತವಿಲ್ಲದ್ದರಿಂದ ಅಲ್ಲಮಪ್ರಭುಗಳ ವಚನವನ್ನು ಬಸವಣ್ಣನವರದೆಂದು ತಿಳಿದು ಎರಡು ಪುಟ ವಿವರಣೆ ಬರೆದು ಬಂದೆ. ಮರುಪರೀಕ್ಷೆಯ ಫೀ ತುಂಬಲು ತಂದೆಯವರು ಬಿತ್ತನೆಯ ಬೀಜಕ್ಕೆಂದು ತೆಗೆದಿಟ್ಟ ಹಣಕ್ಕೆ ಕೈಹಾಕಿದರು. ಏಕೆ ಬಿದ್ದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕಾಗಿತ್ತೋ! ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನೋಟ್ಸು ಹೇಗೆ ಬರೆಯಬೇಕೆಂದು ತಿಳಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಆ ರಜೆಯಲ್ಲಿ ಗ್ರಂಥಾಲಯದಲ್ಲಿ ಹಳಕಟ್ಟಿಯವರ 'ವಚನಶಾಸ್ತ್ರಸಾರ' ನನ್ನ ಕೈಗೆ ಬಂತು.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು. ಮಗ ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾಯಿದೆಯ ಪದವಿ ಪಡೆದು, ಮೊದಲು ನಮ್ಮ ಬೆಳಗಾವಿಯಲ್ಲಿ ವಕೀಲಿ ಆರಂಭಿಸಿ, ಬಳಿಕ ವಿಜಾಪುರದಲ್ಲಿ ನೆಲೆನಿಂತರು. ಅಲ್ಲಿ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕು ಮುಂತಾದವುಗಳನ್ನು ಕಟ್ಟಲು ದುಡಿದದ್ದನ್ನು ಹೇಳುತ್ತ ಹೋದರೆ ಬೇರೆ ಲೇಖನವೇ ಆದೀತು. ನನಗೆ ಬೇಕಾದದ್ದು ಅವರ ತಾಡವೋಲೆಯ ಕತೆ.

1903ರ ಸುಮಾರಿಗೆ ರಬಕವಿ-ಬನಹಟ್ಟಿಯ ಕಡೆಗೆ ಒಂದು ಮನೆಯಲ್ಲಿ ಅವರು ವಚನಗಳ ತಾಡವೋಲೆಗಳನ್ನು ಕಂಡರು. ಕಲ್ಯಾಣದ ಗೊಂದಲದ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಕಿತ್ತೂರು ಸೀಮೆಯ ಹಾದಿಯಿಂದಲೇ ಉಳವಿಗೆ ನಡೆದರೆಂಬ ನಂಬಿಕೆ ನಮ್ಮ ಭಾಗದಲ್ಲಿ ಈಗಲೂ ಇದೆ. ಕಕ್ಕೇರಿಯ ಜಾತ್ರೆಗೆ ಹೋದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಓಲೆಗಳೆಲ್ಲ ಹಳಕಟ್ಟಿಯವರ ಕಾಲಕ್ಕೆ ಮಠಗಳಲ್ಲಿ, ಮನೆಯ ಅಟ್ಟಗಳಲ್ಲಿ, ಜಗಲಿಯ ಮೇಲೆ ಪೂಜೆಯ ವಸ್ತುವಾಗಿ ಕುಳಿತಿದ್ದವು. ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದವು, ಓದಿಸಿಕೊಳ್ಳುತ್ತಿರಲಿಲ್ಲ.

ತಾಡವೋಲೆಯನ್ನು ಓದುವದು ಸುಲಭದ ಮಾತಲ್ಲ. ಕಂಠದಿಂದ ಕೊರೆದ ಅಕ್ಷರಕ್ಕೆ ಕಾಡಿಗೆ ತಿಕ್ಕಿದರೆ ಮಾತ್ರ ಅದು ಎದ್ದು ಕಾಣುವದು. ಶಬ್ದ ಶಬ್ದಗಳ ನಡುವೆ ತೆರಪಿರುವದಿಲ್ಲ; ಒಂದು ವಚನ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದೂ ಥಟ್ಟನೆ ತಿಳಿಯುವದಿಲ್ಲ. ಆಗ ಆಧಾರವಾಗುವದು ಅಂಕಿತವೇ. ಕೂಡಲಸಂಗಮದೇವ ಬಂದರೆ ಬಸವಣ್ಣನವರು, ಗುಹೇಶ್ವರ ಬಂದರೆ ಅಲ್ಲಮರು, ರಾಮನಾಥ ಬಂದರೆ ಜೇಡರ ದಾಸಿಮಯ್ಯನವರು. ಈ ಮೂರು ಶಬ್ದಗಳನ್ನು ಝೆರಾಕ್ಸಿನಲ್ಲಿ ಬಿಟ್ಟವರಾರೋ, ದಂಡ ತೆತ್ತವನು ನಾನು!

ಊರೂರು ತಿರುಗಿ ಹಳಕಟ್ಟಿಯವರು ಕೂಡಿಸಿದ ಕಟ್ಟುಗಳು ಸಾವಿರಕ್ಕೂ ಮಿಕ್ಕಿದ್ದವು. ಅವರಿಗಿಂತ ಮೊದಲು ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶೋಧದಿಂದ ಅದು 250ರ ವರೆಗೆ ಬೆಳೆಯಿತು. ಹಗಲು ಕೋರ್ಟು, ಉಳಿದ ಹೊತ್ತು ನಕಲು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ನಕಲಿನ ರಾಶಿಯಲ್ಲ, ಅದರ ಮುಂದಿನ ಕೆಲಸ. ಓಲೆಯಲ್ಲಿದ್ದ ಕ್ರಮದಲ್ಲಿಯೇ ಅಚ್ಚು ಹಾಕಿಸಿದ್ದರೆ ಅವರ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಬೇರೆ ಬೇರೆ ಶರಣರ ವಚನಗಳನ್ನು ಬಿಡಿಸಿ, ಒಂದೊಂದು ವಿಷಯದ ತಲೆಬರಹದ ಕೆಳಗೆ ಹೊಂದಿಸಿದರು. ಒಂದೇ ಮಾತಿಗೆ ಯಾರು ಏನೆಂದರು ಎಂಬುದು ಒಂದೆಡೆಗೆ ಬಂತು. ವಕೀಲರಾದವರು ದಾವೆಯ ಕಾಗದಗಳನ್ನು ಬಂದ ತಾರೀಖಿನಂತೆ ಇಡದೆ ವಾದದ ಅಂಶಗಳಂತೆ ವಿಂಗಡಿಸುವರಷ್ಟೆ. ಆ ರೂಢಿಯೇ ಇಲ್ಲಿಯೂ ಕೈಗೆ ಬಂದಿರಬೇಕೆಂದು ನನ್ನ ಊಹೆ. ಅಂಕಿತ ಅಳಿಯದಂತೆ ವಚನವನ್ನು ಸ್ಥಳ ಬದಲಿಸುವದು! ಎಲ್ಲವನ್ನೂ ಓದಿ ಮುಗಿಸದವನಿಗೆ ಇದು ಸಾಧ್ಯವಿಲ್ಲ. ತಲೆಬರಹ ಓಲೆಯಲ್ಲಿರಲಿಲ್ಲ, ಓದಿದವರ ತಲೆಯಲ್ಲಿ ಹುಟ್ಟಬೇಕಾಯಿತು.

ಹಸ್ತಪ್ರತಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಗಿ, ಅಚ್ಚಾಗದೆ ಮರಳಿ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಮೊದಲ ಭಾಗ ಹೊರಬಂತು. ಇನ್ನೊಬ್ಬರ ಬಾಗಿಲು ಕಾಯುವದು ಬೇಡವೆಂದು ಅವರು ಮನೆ ಮಾರಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟಿತು. ಬಡತನ ಮಾತ್ರ ಕೊನೆಯ ವರೆಗೂ ಅವರ ಮನೆ ಬಿಡಲಿಲ್ಲ. 1964ರ ಜೂನ್ 29ರಂದು ತೀರಿಕೊಂಡರು.

ನಾನು ಮರುಪರೀಕ್ಷೆಗೆ ಹೊಸ ವಹಿ ಹೊಲಿದುಕೊಂಡೆ. ವರ್ಗದಲ್ಲಿ ಕೇಳಿದ್ದನ್ನು ಬಲಗಡೆಯ ಪುಟದಲ್ಲಷ್ಟೇ ಬರೆಯುವದು, ಎಡಗಡೆ ಖಾಲಿ. ಪ್ರತಿ ಟಿಪ್ಪಣಿಯ ಕೊನೆಗೆ ಅದು ಯಾವ ಪುಸ್ತಕದ್ದು, ಯಾವ ಪುಟದ್ದು, ಯಾವ ಗುರುಗಳು ಹೇಳಿದ್ದು ಎಂಬ ಅಂಕಿತ. ಆ ದಿನ ರಾತ್ರಿಯೇ ಎಡಪುಟದಲ್ಲಿ ತಲೆಬರಹ ಹುಡುಕುವದು. ಮೊದಮೊದಲು ಬಹಳ ಬೇಸರದ ಕೆಲಸ. ಒಂದೊಂದು ದಿನ ಒಂದು ತಲೆಬರಹವೂ ಹೊಳೆಯುತ್ತಿರಲಿಲ್ಲ. ಇತಿಹಾಸಕ್ಕೆ ಬಂದಾಗ ಸ್ವಲ್ಪ ಹಿಡಿತ ಸಿಕ್ಕಿತು. ಕಿತ್ತೂರಿನ ಸಂಗತಿ ನನ್ನಲ್ಲಿ 14 ಪುಟಗಳಲ್ಲಿ ಚದರಿಬಿದ್ದಿತ್ತು. ದತ್ತಕದ ತಂಟೆ, 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಯುದ್ಧ, ಡಿಸೆಂಬರಿನಲ್ಲಿ ಕೋಟೆ ಹೋದದ್ದು, ರಾಣಿ ಚೆನ್ನಮ್ಮ ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು, 1831ರಲ್ಲಿ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು. ಐದು ತಲೆಬರಹ, ಒಂದೇ ಪುಟ. ಸಮಾಧಿಯ ಎದುರಿನಿಂದ ದಿನಾಲು ಹಾದುಹೋಗುವ ನನಗೆ ಸೋಲಿಗೂ ಸಾವಿಗೂ ನಡುವೆ ನಾಲ್ಕು ವರ್ಷ ಸೆರೆವಾಸವಿತ್ತೆಂಬುದು ಆ ಪುಟ ಬರೆದಾಗಲೇ ಕಣ್ಣಿಗೆ ಬಿತ್ತು.

ಕನ್ನಡ ಪತ್ರಿಕೆ ಪಾಸಾಯಿತು, ಅಂಕಗಳು ಹೇಳಿಕೊಳ್ಳುವಂಥವಲ್ಲ. ಮೊನ್ನೆ ಮೊದಲ ವರ್ಷದ ಹುಡುಗನೊಬ್ಬ, ಅಣ್ಣಾರೇ ನಿಮ್ಮ ವಹಿ ಕೊಡ್ರಿ ಎಂದು ಬಂದವನು ಕುಳಿತು ಬರೆದುಕೊಳ್ಳುವ ಬದಲು ಮೋಬೈಲು ತೆಗೆದು ಚಿತ್ರ ಹಿಡಿಯತೊಡಗಿದ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಪ್ರತಿ ಪುಟದ ಕೆಳಗಿನ ಸಾಲು ಚಿತ್ರದೊಳಗೆ ಬಂತೋ ಇಲ್ಲವೋ ಎಂದು ಅವನ ಹೆಗಲ ಮೇಲಿಂದ ಇಣುಕಿ ನೋಡುತ್ತ ನಿಂತೆ.